ಜನ ಮುಗಿಬಿದ್ದಾಗಲೂ ಹೊಡೆದಾಟ ನ್ಯಾಯವಾಗಿರಲಿ: ಕಾರವಾರ–ಶಿರಸಿ ಕಡೆಯ ಸಣ್ಣ ಮೈನ್‌ಕ್ರಾಫ್ಟ್ ಸರ್ವರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮೂವತ್ತರಿಂದ ಅರವತ್ತು ಜನ ಒಟ್ಟಿಗೆ ಆಡುವ ಮೈನ್‌ಕ್ರಾಫ್ಟ್ ಜಾವಾ (ಪಿಸಿ ಆವೃತ್ತಿಯ) ಸರ್ವರ್ ನಡೆಸುವವರಿಗಾಗಿ ಇದನ್ನು ಬರೆದಿದ್ದೇವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿಯ ಹುಡುಗರು ಸೇರಿ ನಡೆಸುವ ಸರ್ವರ್‌ಗಳೆಲ್ಲ ಹೆಚ್ಚುಕಡಿಮೆ ಈ ಗಾತ್ರದವು. ಇಲ್ಲಿ ಹೇಳಿರುವ ಸೆಟ್ಟಿಂಗ್‌ಗಳು ಪೇಪರ್ ಎಂಬ ಸರ್ವರ್ ತಂತ್ರಾಂಶಕ್ಕೆ ಹೊಂದುವಂಥವು. ಕಮಾಂಡ್‌ಗಳನ್ನು ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಹೆಚ್ಚಿನವರು ನೂಕುನುಗ್ಗಲನ್ನೂ ಪಿವಿಪಿ (ಆಟಗಾರರು ಒಬ್ಬರನ್ನೊಬ್ಬರು ಹೊಡೆಯುವ) ಜಗಳವನ್ನೂ ಬೇರೆ ಬೇರೆ ತಲೆನೋವು ಎಂದುಕೊಂಡು ಒಂದಕ್ಕೆ ಹೆಚ್ಚು ರ‍್ಯಾಮ್, ಇನ್ನೊಂದಕ್ಕೆ ಹೆಚ್ಚು ನಿಯಮ ತರುತ್ತಾರೆ. ಎರಡರ ಬೇರು ಒಂದೇ. ಜನ ಒಂದೇ ಕಡೆ ಒತ್ತಿದಾಗ ಸರ್ವರ್ ಎಳೆಯುತ್ತದೆ, ಎಳೆದಾಗ ಯಾರ ಏಟು ಯಾರಿಗೆ ಬಿತ್ತು ಎನ್ನುವುದನ್ನು ಕೌಶಲದ ಬದಲು ಆ ಎಳೆತ, ಅಂದರೆ ಲ್ಯಾಗ್, ತೀರ್ಮಾನಿಸುತ್ತದೆ. ಎಲ್ಲಾದರೂ ಜೋರು ಹೊಡೆದಾಟ ಶುರುವಾಯಿತೆಂದರೆ ನೋಡಲು ಇನ್ನಷ್ಟು ಜನ ಅಲ್ಲಿಗೇ ಓಡುತ್ತಾರೆ. ಹಾಗಾಗಿ ಮೊದಲು ಜನರನ್ನು ಹರಡಿ, ಆಮೇಲೆ ನಿಯಮ ಬರೆಯಿರಿ. ಉಲ್ಟಾ ಮಾಡಿದರೆ ಎಷ್ಟು ನಿಯಮ ಬರೆದರೂ ದೂರು ನಿಲ್ಲುವುದಿಲ್ಲ.

ಹಂತ 1: ಯಾವ ಲ್ಯಾಗ್ ಎಂದು ಗುರುತಿಸಿ

«ಲ್ಯಾಗ್ ಆಗ್ತಿದೆ ಅಣ್ಣ» ಎಂಬ ಒಂದೇ ಮಾತಿನಡಿ ಮೂರು ಬೇರೆ ಕಾಯಿಲೆಗಳಿರುತ್ತವೆ. ಮದ್ದೂ ಬೇರೆ ಬೇರೆ.

ಮೊದಲನೆಯದು ಸರ್ವರ್‌ನ ಲ್ಯಾಗ್. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಟಿಕ್ (ಜಗತ್ತಿನ ಲೆಕ್ಕ ಹಾಕುವ ಸುತ್ತು) ಓಡಬೇಕು, ಅಂದರೆ ಒಂದು ಟಿಕ್‌ನ ಕೆಲಸ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಮುಗಿಯದಿದ್ದರೆ ಇಡೀ ಜಗತ್ತೇ ನಿಧಾನ: ಒಡೆದ ಬ್ಲಾಕ್ ಮತ್ತೆ ಪ್ರತ್ಯಕ್ಷವಾಗುತ್ತದೆ, ಹಸು-ಕುರಿ ನಿಂತಲ್ಲೇ ನಿಲ್ಲುತ್ತವೆ, ಎಲ್ಲರಿಗೂ ಒಟ್ಟಿಗೆ ಹಾಗಾಗುತ್ತದೆ. ಎರಡನೆಯದು ನೆಟ್‌ವರ್ಕ್. ಒಬ್ಬ ಅಥವಾ ಒಂದೇ ಊರಿನ ಇಬ್ಬರು ಮೂವರು ಮಾತ್ರ ಹಿಂದೆ ಮುಂದೆ ಜಿಗಿಯುತ್ತಿರುತ್ತಾರೆ, ಉಳಿದವರಿಗೆ ಏನೂ ಆಗಿರುವುದಿಲ್ಲ. ಮೂರನೆಯದು ಆಟಗಾರನ ಫೋನಿನದೋ ಪಿಸಿಯದೋ ಸುಸ್ತು: ಸಂತೆಯೊಳಗೆ ಕಾಲಿಟ್ಟ ಕೂಡಲೇ ಪರದೆ ತಡವರಿಸುತ್ತದೆ, ಹೊರಗೆ ಬಂದರೆ ಸರಿಯಾಗುತ್ತದೆ, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು) ಮಾತ್ರ ಎರಡೂ ಕಡೆ ಒಂದೇ ಇರುತ್ತದೆ. ಅದಕ್ಕೆ ಸರ್ವರ್‌ನಲ್ಲಿ ಮದ್ದಿಲ್ಲ. ಆತ ಗ್ರಾಫಿಕ್ಸ್ ಮತ್ತು ರೆಂಡರ್ ಡಿಸ್ಟನ್ಸ್ (ಪರದೆಯಲ್ಲಿ ಜಗತ್ತು ಕಾಣುವ ದೂರ) ಇಳಿಸಿಕೊಳ್ಳಬೇಕು.

ಕಣ್ಣಂದಾಜು ಬೇಡ, ಅಳೆಯಿರಿ. 1.21ನೇ ಆವೃತ್ತಿಯಿಂದ ಪೇಪರ್ ಜೊತೆಗೇ ಸ್ಪಾರ್ಕ್ ಎಂಬ ಸಾಧನ ಬರುತ್ತದೆ, ಹಳೆಯದಕ್ಕೆ ಪ್ಲಗಿನ್ (ಸರ್ವರ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ಆಗಿ ಹಾಕಿಕೊಳ್ಳಿ. ‘/ಸ್ಪಾರ್ಕ್ ಟಿಪಿಎಸ್’ ಕೊಟ್ಟರೆ ಟಿಪಿಎಸ್ (ಸೆಕೆಂಡಿಗೆ ಓಡಿದ ಟಿಕ್) ಮತ್ತು ಎಂಎಸ್‌ಪಿಟಿ, ಅಂದರೆ ಒಂದು ಟಿಕ್‌ಗೆ ಹಿಡಿದ ಮಿಲಿಸೆಕೆಂಡು, ಎರಡೂ ಕಾಣುತ್ತವೆ. ಟಿಪಿಎಸ್ ನಂಬಿ ಕೂರಬೇಡಿ. ಎಂಎಸ್‌ಪಿಟಿ 12 ಇದ್ದರೂ 20 ಟಿಪಿಎಸ್, 49 ಇದ್ದರೂ 20 ಟಿಪಿಎಸ್. ಎರಡನೆಯ ಸರ್ವರ್ ಇನ್ನೈದು ಜನ ಬಂದ ಕೂಡಲೇ ಕುಸಿಯುತ್ತದೆ. ಸಾಮಾನ್ಯ ಸಂಜೆ 30ರ ಒಳಗಿರಲಿ. ಯಾವುದು ಸಮಯ ತಿನ್ನುತ್ತಿದೆ ಎಂದು ತಿಳಿಯಲು ಜನ ಹೆಚ್ಚಿದ್ದಾಗಲೇ ಸ್ಪಾರ್ಕ್ ಪ್ರೊಫೈಲರ್ ಅನ್ನು ಎರಡು ನಿಮಿಷ ಓಡಿಸಿ. ಬೆಳಗಿನ ಜಾವ ಖಾಲಿ ಸರ್ವರ್‌ನಲ್ಲಿ ಓಡಿಸಿದ ವರದಿಯಿಂದ ಏನೂ ಸಿಗದು.

ಹಂತ 2: ಸರ್ವರ್ ಎಲ್ಲಿರಬೇಕು

ಮನೆಯ ಪಿಸಿಯಲ್ಲಿ ಬೇಡ. ಬಹುತೇಕ ಮನೆ ಬ್ರಾಡ್‌ಬ್ಯಾಂಡ್‌ಗಳಲ್ಲಿ ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ಹಂಚಿರುತ್ತಾರೆ. ರೂಟರ್‌ನಲ್ಲಿ 25565 ಪೋರ್ಟ್ ತೆರೆದಿಟ್ಟರೂ ಹೊರಗಿನವರು ಒಳಗೆ ಬರಲಾರರು. ಅದೊಂದು ಬಗೆಹರಿದರೂ ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಕರೆಂಟೋ ಫೈಬರೋ ಹೋದರೆ ಎಲ್ಲರ ಆಟವೂ ಹೋಯಿತು. ಮುಂಬೈ ಡೇಟಾ ಸೆಂಟರ್‌ನಲ್ಲಿ ವಿಪಿಎಸ್ (ಸದಾ ಓಡುವ ಬಾಡಿಗೆ ಸರ್ವರ್) ಪಡೆಯಿರಿ. ಸಿಂಗಪುರದ್ದು ಅಗ್ಗಕ್ಕೆ ಸಿಕ್ಕಿತೆಂದು ಹೋಗಬೇಡಿ, ಹೊಡೆದಾಟದಲ್ಲಿ ಆ ದೂರ ಎದ್ದು ಕಾಣುತ್ತದೆ.

ಕೊಳ್ಳುವಾಗ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗ ನೋಡಿ. ಮೈನ್‌ಕ್ರಾಫ್ಟ್‌ನ ಮುಖ್ಯ ಕೆಲಸವೆಲ್ಲ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೋರ್‌ನಲ್ಲಿ, ನಡೆಯುತ್ತದೆ. ಎಂಟು ನಿಧಾನದ ಕೋರ್‌ಗಿಂತ ನಾಲ್ಕು ಚುರುಕಿನವು ಮೇಲು. ರ‍್ಯಾಮ್ 8ರಿಂದ 10 ಜಿಬಿ ಸಾಕು. ಎಂಎಸ್‌ಪಿಟಿ ಏರಿದಾಗ ರ‍್ಯಾಮ್ 16ಕ್ಕೆ ಏರಿಸುವುದು ನಮ್ಮಲ್ಲಿ ಅತಿ ಹೆಚ್ಚು ದುಡ್ಡು ಪೋಲಾಗುವ ಜಾಗ.

ಫೋಲಿಯಾ ಬಗ್ಗೆ ಒಂದು ಮಾತು. 2023ರಲ್ಲಿ ಪೇಪರ್ ತಂಡವೇ ಬಿಟ್ಟ ಈ ಸರ್ವರ್ ಜಗತ್ತನ್ನು ಪ್ರದೇಶಗಳಾಗಿ ಒಡೆದು ಬೇರೆ ಬೇರೆ ಥ್ರೆಡ್‌ಗಳಲ್ಲಿ ಓಡಿಸುತ್ತದೆ ಎಂದು ಕೇಳಿ ಹಲವರು ಅದರತ್ತ ನೋಡುತ್ತಾರೆ. ಜನ ದೂರ ದೂರ ಚದುರಿದ್ದರೆ ಮಾತ್ರ ಅದರಿಂದ ಲಾಭ. ಐವತ್ತು ಜನ ಒಂದೇ ಕೋಟೆಯಲ್ಲಿ ಹೊಡೆದಾಡುತ್ತಿದ್ದರೆ ಅವರೆಲ್ಲ ಒಂದೇ ಪ್ರದೇಶ, ಒಂದೇ ಥ್ರೆಡ್. ಮೇಲಾಗಿ ಅದಕ್ಕೆ ಶಿಫಾರಸು ಮಾಡಿರುವುದು ಕನಿಷ್ಠ 16 ಕೋರ್. ನಮ್ಮ ಗಾತ್ರಕ್ಕಲ್ಲ.

ಹಂತ 3: ಜನ ಎಲ್ಲಿ ಒತ್ತುತ್ತಾರೆಂದು ನಕ್ಷೆಯಲ್ಲೇ ನೋಡಿ

ಒಂದು ಜಾಗದಲ್ಲಿ ಹತ್ತು ಜನ ಇದ್ದರೆ ಪ್ರತಿಯೊಬ್ಬನಿಗೂ ಉಳಿದ ಒಂಬತ್ತು ಜನರ ಚಲನೆ ತಿಳಿಸಬೇಕು: ಒಂದು ಸುತ್ತಿಗೆ 90 ಸುದ್ದಿ. ಐವತ್ತು ಜನರಿದ್ದರೆ 50 × 49, ಅಂದರೆ 2450. ಜನ ಐದು ಪಟ್ಟಾದರೆ ಕೆಲಸ ಇಪ್ಪತ್ತೇಳು ಪಟ್ಟು. ಅದೇ ಐವತ್ತನ್ನು ಒಬ್ಬರಿಗೊಬ್ಬರು ಕಾಣದ ಎರಡು ಜಾಗಗಳಿಗೆ ಇಪ್ಪತ್ತೈದರಂತೆ ಹಂಚಿದರೆ 1200ಕ್ಕೆ ಇಳಿಯುತ್ತದೆ. ಯಾವ ಹಾರ್ಡ್‌ವೇರ್ ಕೊಂಡರೂ ಇಷ್ಟು ಸುಲಭಕ್ಕೆ ಅರ್ಧ ಹೊರೆ ಇಳಿಯದು.

ದೊಡ್ಡ ಕಂಪನಿಗಳ ಆಟಗಳಿಗೂ ಇದೇ ಗಣಿತ. ಈವ್ ಆನ್‌ಲೈನ್ ಸಾವಿರಾರು ಜನರ ಕಾಳಗಕ್ಕೆ ಕಾಲವನ್ನೇ ನಿಧಾನಿಸುತ್ತದೆ, ಶೇ. 10ರ ವೇಗದವರೆಗೂ. 2014ರ ಜನವರಿಯ ಹೆಸರುವಾಸಿ ಬಿ-ಆರ್5ಆರ್‌ಬಿ ಯುದ್ಧ ಹಾಗೆಯೇ ಗಂಟೆಗಟ್ಟಲೆ ತೆವಳಿತು. 2019ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಬಂದಾಗ ಒಂದೇ ಜಗತ್ತಿನ ಹಲವು ಪದರಗಳನ್ನು ಮಾಡಿ ಜನರನ್ನು ಹಂಚಿದರು. ನಮ್ಮ ಕೈಯಲ್ಲಿರುವ ಅಸ್ತ್ರ ನಕ್ಷೆಯ ವಿನ್ಯಾಸ.

ಕಾರವಾರದ ನಕ್ಷೆಯನ್ನೇ ಆಟದೊಳಗೆ ಕಟ್ಟಿದಿರಿ ಎನ್ನೋಣ. ಕೋಡಿಬಾಗದ ಕಡೆ ಪೇಟೆ ಮತ್ತು ಸ್ಪಾನ್ (ಆಟಗಾರರು ಹುಟ್ಟುವ ಜಾಗ), ಕಾಳಿ ನದಿಯಾಚೆ ಸದಾಶಿವಗಡದ ಗುಡ್ಡದ ಮೇಲೆ ಯುದ್ಧದ ಕೋಟೆ, ನಡುವೆ ಒಂದೇ ಸೇತುವೆ. ನೋಡಲು ಚೆಂದ, ಆಡಲು ನರಕ. ವಾರದೊಳಗೆ ಕೋಟೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲ ಕೊಲೆಗಳೂ ಸೇತುವೆಯ ಮೇಲೆ ನಡೆಯುತ್ತವೆ. ಬಿಲ್ಲು ಹಿಡಿದ ನಾಲ್ಕು ಜನ ಆ ತುದಿಯಲ್ಲಿ ಕೂತರೆ ಹೊಸಬ ದಾಟುವಂತೆಯೇ ಇಲ್ಲ. ಸತ್ತವ ಮತ್ತೆ ಅದೇ ಸ್ಪಾನ್‌ನಲ್ಲಿ ಹುಟ್ಟಿ ಅದೇ ಸೇತುವೆಗೆ ಬರುತ್ತಾನೆ. ಇದನ್ನು ಬಿಡಿಸುವುದು ಹೀಗೆ:

ದಾಟಲು ಕನಿಷ್ಠ ಮೂರು ದಾರಿ ಕೊಡಿ. ಒಂದು ಸೇತುವೆ, 9 ಬ್ಲಾಕ್‌ಗಿಂತ ಅಗಲದ್ದು. ಒಂದು ಮೇಲ್ಗಡೆ, ಕದ್ರಾ ದಿಕ್ಕಿಗೆ, ಆಳವಿಲ್ಲದ ಕಡವು. ಇನ್ನೊಂದು ಸಮುದ್ರದ ಬದಿಯಿಂದ ದೇವಬಾಗಕ್ಕೆ ದೋಣಿಯ ದಾರಿ. ಒಂದು ದಾರಿಯಿಂದ ಇನ್ನೊಂದು ದಾರಿ ಕನಿಷ್ಠ 150 ಬ್ಲಾಕ್ ದೂರವಿರಲಿ. ಹತ್ತಿರವಿದ್ದರೆ ಅದೇ ನಾಲ್ಕು ಜನ ಮೂರನ್ನೂ ಕಾಯುತ್ತಾರೆ. (ದೋಣಿ ಇಟ್ಟರೆ ವಾರಕ್ಕೊಮ್ಮೆ ದಡದಲ್ಲಿ ಬಿದ್ದ ಖಾಲಿ ದೋಣಿಗಳನ್ನು ಅಳಿಸಿ. ಅವೂ ಎಂಟಿಟಿಗಳೇ (ಸರ್ವರ್ ಪ್ರತಿ ಟಿಕ್‌ಗೂ ಲೆಕ್ಕ ಇಡಬೇಕಾದ ಜೀವಿ-ವಸ್ತುಗಳು), ಯಾರೂ ವಾಪಸ್ ತರುವುದಿಲ್ಲ.)

ಆಕರ್ಷಣೆಗಳನ್ನು ಒಂದೇ ಚೌಕದಲ್ಲಿ ಗುಡ್ಡೆ ಹಾಕಬೇಡಿ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಬಿಡ್ಕಿಬೈಲಿನ ಗದ್ದುಗೆ ಒಂದು ಕಡೆ, ತೊಟ್ಟಿಲು-ಆಟಗಳು ಬೇರೆ ಕಡೆ ಇರುವಂತೆ ವ್ಯಾಪಾರ, ಮಂತ್ರಹಾಕುವ ಮೇಜು, ದಿನದ ಬಹುಮಾನದ ಪೆಟ್ಟಿಗೆ, ನೆದರ್ ಪೋರ್ಟಲ್ ನಾಲ್ಕನ್ನೂ ನಾಲ್ಕು ದಿಕ್ಕಿಗಿಡಿ. ಆಟಗಾರರ ಟ್ರ್ಯಾಕಿಂಗ್ ದೂರ (ಒಬ್ಬನಿಗೆ ಇನ್ನೊಬ್ಬ ಕಾಣುವ ದೂರ) 48 ಬ್ಲಾಕ್ ಎಂದಿಟ್ಟುಕೊಂಡರೆ ಇವುಗಳ ನಡುವೆ 100 ಬ್ಲಾಕ್ ಇರಲಿ. ಆಗ ಒಂದು ಕಡೆಯ ಗುಂಪಿನ ಸುದ್ದಿ ಇನ್ನೊಂದಕ್ಕೆ ಹೋಗುವುದೇ ಇಲ್ಲ.

ಎರಡನೆಯ ಯುದ್ಧಭೂಮಿ ಬೇಕೇ ಬೇಕು. ಕೂರ್ಮಗಡದಂತಹ ದ್ವೀಪವೊಂದನ್ನು ಮಾಡಿ ಅಲ್ಲಿಗೆ ನೇರ ಟೆಲಿಪೋರ್ಟ್ ಕೊಡಿ. ಕೋಟೆಯಲ್ಲಿ 24 ಜನ ತುಂಬಿದ ಕೂಡಲೇ ಮುಂದಿನವರಿಗೆ ದ್ವೀಪದ ಬಾಗಿಲು ತೆರೆಯಲಿ. ಎರಡೂ ಕಡೆ ಬಹುಮಾನ ಒಂದೇ ಇರಬೇಕು. ಕೋಟೆಯಲ್ಲಿ ಹೆಚ್ಚಿಟ್ಟರೆ ದ್ವೀಪಕ್ಕೆ ಯಾರೂ ಹೋಗರು, ನೀವು ಕಟ್ಟಿದ್ದು ವ್ಯರ್ಥ.

ಯಂತ್ರಕ್ಕೆ ಶಕ್ತಿಯಿದ್ದರೆ ವೆಲಾಸಿಟಿ ಎಂಬ ಪ್ರಾಕ್ಸಿ (ಹಲವು ಸರ್ವರ್‌ಗಳನ್ನು ಒಂದೇ ವಿಳಾಸಕ್ಕೆ ಜೋಡಿಸುವ ತಂತ್ರಾಂಶ) ಹಾಕಿ ಅರೀನಾವನ್ನು, ಅಂದರೆ ಯುದ್ಧಭೂಮಿಯನ್ನು, ಬೇರೆ ಸರ್ವರ್ ಆಗಿಯೇ ಓಡಿಸಬಹುದು. ಆಗ ಕಾಳಗದ ಹೊರೆ ಪೇಟೆಯವರನ್ನು ತಟ್ಟುವುದಿಲ್ಲ. ಎರಡಕ್ಕೂ ಬೇರೆ ಬೇರೆ ಚುರುಕು ಕೋರ್ ಇರಬೇಕು ಅಷ್ಟೆ.

ಹಂತ 4: ಬದಲಿಸಬೇಕಾದ ಸಂಖ್ಯೆಗಳು

ಇದು ನೀರಸ ಭಾಗ, ಆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಒಂದೊಂದನ್ನೇ ಬದಲಿಸಿ, ಪ್ರತಿ ಬಾರಿಯೂ ಎಂಎಸ್‌ಪಿಟಿ ನೋಡಿ. ಹತ್ತನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಆಟ ಕೆಡಿಸಿತು ಎಂದು ತಿಳಿಯುವುದಿಲ್ಲ.

ಸರ್ವರ್ ಪ್ರಾಪರ್ಟೀಸ್ ಕಡತದಲ್ಲಿ ವ್ಯೂ-ಡಿಸ್ಟನ್ಸ್ (ಸರ್ವರ್ ಜಗತ್ತನ್ನು ತೋರಿಸುವ ದೂರ) ಮೂಲತಃ 10. ಆಟಗಾರನೊಬ್ಬನ ಸುತ್ತ 21 × 21, ಅಂದರೆ 441 ಚಂಕ್ (ಜಗತ್ತಿನ 16 × 16 ಬ್ಲಾಕ್‌ನ ತುಂಡು). ಅದನ್ನು 6 ಮಾಡಿ, 169ಕ್ಕೆ ಇಳಿಯುತ್ತದೆ. ಸಿಮ್ಯುಲೇಷನ್-ಡಿಸ್ಟನ್ಸ್ (ಜೀವಿಗಳು, ಫಾರ್ಮ್‌ಗಳು ಕೆಲಸ ಮಾಡುವ ದೂರ) ಕೂಡ 10 ಇರುತ್ತದೆ, ಅದನ್ನು 4 ಮಾಡಿ: 81 ಚಂಕ್. ನಿಜವಾದ ಹೊರೆ ಇರುವುದು ಈ ಎರಡನೆಯದರಲ್ಲಿ. ಇಳಿಸಿದಾಗ ದೂರದ ಫಾರ್ಮ್‌ಗಳು ನಿಲ್ಲುತ್ತವೆ, ದೂರು ಬರುತ್ತದೆ, ಮೊದಲೇ ಹೇಳಿಬಿಡಿ. ಜೊತೆಗೇ ಸ್ಪಿಗಾಟ್ ಕಡತದಲ್ಲಿ (ಪೇಪರ್‌ನಲ್ಲೇ ಇರುವ ಇನ್ನೊಂದು ಸೆಟ್ಟಿಂಗ್ ಕಡತ; ಬುಕ್ಕಿಟ್‌ನದೂ ಹಾಗೆಯೇ) ಮಾಬ್-ಸ್ಪಾನ್-ರೇಂಜ್ ಅನ್ನು 3 ಮಾಡದಿದ್ದರೆ ರಾಕ್ಷಸರು ಆಟಗಾರನ ಹತ್ತಿರ ಸರಿಯಾಗಿ ಹುಟ್ಟುವುದಿಲ್ಲ, «ಮಾಬ್ ಬರ್ತಿಲ್ಲ» ಎಂಬ ಎರಡನೇ ದೂರು ಶುರುವಾಗುತ್ತದೆ.

ಬುಕ್ಕಿಟ್ ಕಡತದಲ್ಲಿ ಮಾನ್‌ಸ್ಟರ್ ಮಿತಿ 70ರಿಂದ 25ಕ್ಕೆ. ಸ್ಪಿಗಾಟ್‌ನ ಎಂಟಿಟಿ ಟ್ರ್ಯಾಕಿಂಗ್‌ನಲ್ಲಿ ಪ್ಲೇಯರ್ಸ್ ಸಾಲು 48ಕ್ಕೆ. ಪೇಪರ್‌ನ ಜಗತ್ತಿನ ಕಡತದಲ್ಲಿ ಒಂದು ಜೀವಿಗೆ ಲೆಕ್ಕ ಹಾಕುವ ಡಿಕ್ಕಿಗಳ ಮಿತಿ 8 ಇರುತ್ತದೆ, 2 ಮಾಡಿ. ಪೇಟೆಯಲ್ಲಿ ಒಬ್ಬರನ್ನೊಬ್ಬರು ತಳ್ಳಿ ಕೆರೆಗೆ ಬೀಳಿಸುವ ಕಾಟ ಇದ್ದರೆ ಆಟಗಾರರ ಡಿಕ್ಕಿಯನ್ನೇ ಪೇಪರ್‌ನ ಗ್ಲೋಬಲ್ ಕಡತದಲ್ಲಿ ಆಫ್ ಮಾಡಬಹುದು.

ಕೊನೆಗೆ ನೆಲದ ಮೇಲೆ ಬಿದ್ದ ವಸ್ತುಗಳು. ಸಾಯುವ ಆಟಗಾರ 36 ಚೀಲದ ಖಾನೆ, 4 ಕವಚ, 1 ಎಡಗೈ ಸೇರಿ 41 ರಾಶಿ ಉದುರಿಸಬಲ್ಲ. ಒಂದು ನಿಮಿಷದಲ್ಲಿ ಇಪ್ಪತ್ತು ಸಾವಾದರೆ 820 ಎಂಟಿಟಿ, ಒಂದೇ ಅಂಗಳದಲ್ಲಿ, ಐದು ನಿಮಿಷದವರೆಗೆ. ಜೋರು ಯುದ್ಧದ ನಡುವೆ ಸರ್ವರ್ ಮುಗ್ಗರಿಸಲು ಆಟಗಾರರಷ್ಟೇ ಈ ಕಸವೂ ಕಾರಣ. ಪೇಪರ್‌ನಲ್ಲಿ ವಸ್ತುವಾರು ಮಾಯವಾಗುವ ಅವಧಿ ಕೊಡಬಹುದು: ಕಲ್ಲು, ಮಣ್ಣು, ಬಾಣಗಳಿಗೆ 300 ಟಿಕ್, ಅಂದರೆ 15 ಸೆಕೆಂಡು. ಎಲ್ಲವನ್ನೂ ಗುಡಿಸುವ ಪ್ಲಗಿನ್ ಬೇಡ, ಯಾರದ್ದೋ ನೆದರೈಟ್ ಕವಚ ಅದರಲ್ಲಿ ಹೋಗುತ್ತದೆ, ಆಮೇಲೆ ಪಂಚಾಯಿತಿಕೆ ನಿಮ್ಮ ತಲೆಗೆ.

ಹಂತ 5: ಎಲ್ಲಿ ಹೊಡೆಯಬಹುದು, ಎಲ್ಲಿ ಹೊಡೆಯಬಾರದು

ಯಾರು ಯಾರನ್ನು ಹೊಡೆಯಬಹುದು ಎಂದು ನಿಯಮ ಬರೆದರೆ ಕೊನೆಯಿಲ್ಲ. ಎಲ್ಲಿ ಎಂದು ಬರೆಯಿರಿ. ಆಲ್ಬಿಯನ್ ಆನ್‌ಲೈನ್‌ನ ನೀಲಿ, ಹಳದಿ, ಕೆಂಪು, ಕಪ್ಪು ವಲಯಗಳು ಇದೇ ಮಾದರಿ: ಹಳದಿಯಲ್ಲಿ ಸೋತವ ನೆಲಕ್ಕುರುಳುತ್ತಾನೆ ಅಷ್ಟೆ, ಕಪ್ಪಿನಲ್ಲಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ, ಒಳಗೆ ಕಾಲಿಡುವ ಮೊದಲೇ ಆಟಗಾರನಿಗೆ ಅದು ಗೊತ್ತು. ನಮಗೆ ಮೂರು ಸಾಕು. ಪೇಟೆಯಲ್ಲಿ ಹೊಡೆದಾಟ ಇಲ್ಲ. ಅರೀನಾಗಳಲ್ಲಿ ಹೊಡೆದಾಟ ಉಂಟು, ವಸ್ತು ಹೋಗುವುದಿಲ್ಲ. ಕಾಡಿನಲ್ಲಿ ಹೊಡೆದಾಟವೂ ಉಂಟು, ಸತ್ತರೆ ಇದ್ದದ್ದೆಲ್ಲ ನೆಲಕ್ಕೆ.

ಬೇಕಾಗುವುದು ಜಾಗ ಗುರುತಿಸಲು ವರ್ಲ್ಡ್‌ಎಡಿಟ್ ಮತ್ತು ಅದಕ್ಕೆ ನಿಯಮ ಹಾಕಲು ವರ್ಲ್ಡ್‌ಗಾರ್ಡ್ ಎಂಬ ಪ್ಲಗಿನ್‌ಗಳು.

1. ಇಡೀ ಸರ್ವರ್‌ನ ಪಿವಿಪಿ ಆನ್ ಇರಲಿ. ಹಳೆಯ ಆವೃತ್ತಿಗಳಲ್ಲಿ ಅದು ಸರ್ವರ್ ಪ್ರಾಪರ್ಟೀಸ್‌ನಲ್ಲಿದೆ. ಅಲ್ಲೇ ಆಫ್ ಮಾಡಿದರೆ ವರ್ಲ್ಡ್‌ಗಾರ್ಡ್ ಯಾವ ವಲಯದಲ್ಲೂ ಅದನ್ನು ಆನ್ ಮಾಡಲಾರದು.
2. ‘//ವ್ಯಾಂಡ್’ ಕೊಟ್ಟರೆ ಮರದ ಕೊಡಲಿ ಬರುತ್ತದೆ. ಪೇಟೆಯ ಎರಡು ಎದುರು ಮೂಲೆಗಳನ್ನು ಎಡ ಮತ್ತು ಬಲ ಕ್ಲಿಕ್‌ನಿಂದ ಗುರುತಿಸಿ.
3. ‘//ಎಕ್ಸ್‌ಪ್ಯಾಂಡ್ ವರ್ಟ್’ ಮರೆಯಬೇಡಿ. ಮರೆತರೆ ವಲಯ ನೀವು ಗುರುತಿಸಿದ ಮೂಲೆಗಳ ಎತ್ತರಕ್ಕಷ್ಟೇ ಸೀಮಿತ; ಮಾಳಿಗೆಯ ಮೇಲೆ, ನೆಲದಡಿಯ ಸುರಂಗದಲ್ಲಿ ಹೊಡೆದಾಟ ನಡೆಯುತ್ತದೆ.
4. ‘/ಆರ್‌ಜಿ ಡಿಫೈನ್ ಪೇಟೆ’, ಆಮೇಲೆ ‘/ಆರ್‌ಜಿ ಫ್ಲ್ಯಾಗ್ ಪೇಟೆ ಪಿವಿಪಿ ಡಿನೈ’. ಅದೇ ರೀತಿ ಟಿಎನ್‌ಟಿ, ಎಂಡರ್‌ಪರ್ಲ್, ಲಾವಾ ಹರಿವುಗಳನ್ನೂ ಡಿನೈ ಮಾಡಿ.
5. ಗ್ರೀಟಿಂಗ್ ಮತ್ತು ಫೇರ್‌ವೆಲ್ ಫ್ಲ್ಯಾಗ್‌ನಲ್ಲಿ ಕನ್ನಡದಲ್ಲೇ ಒಂದೊಂದು ಸಾಲು: «ಇಲ್ಲಿಂದ ಮುಂದೆ ಹೊಡೆದಾಟ ಉಂಟು, ಸತ್ತರೆ ಸಾಮಾನು ಹೋಗ್ತದೆ.» ಗೊತ್ತಿರಲಿಲ್ಲ ಎನ್ನುವ ವಾದ ಅಲ್ಲಿಗೆ ಮುಗಿಯಿತು.
6. ಒಂದು ವಲಯದೊಳಗೆ ಇನ್ನೊಂದು ಇದ್ದರೆ ‘/ಆರ್‌ಜಿ ಸೆಟ್‌ಪ್ರಯಾರಿಟಿ’ಯಿಂದ ಒಳಗಿನದಕ್ಕೆ ದೊಡ್ಡ ಸಂಖ್ಯೆ ಕೊಡಿ. ದೊಡ್ಡದು ಗೆಲ್ಲುತ್ತದೆ.
7. ಅಡ್ಮಿನ್ ಅಲ್ಲದ ಎರಡು ಖಾತೆಗಳಿಂದ ಪರೀಕ್ಷಿಸಿ. ಅಂಚಿನ ಒಳಗೊಬ್ಬ ಹೊರಗೊಬ್ಬ ನಿಂತು ಕತ್ತಿ, ಬಿಲ್ಲು, ಸ್ಪ್ಲ್ಯಾಶ್ ಮದ್ದು, ಲಾವಾ ಬಕೆಟ್ ಎಲ್ಲವನ್ನೂ ಪ್ರಯೋಗಿಸಿ.

ಹೊಡೆಯುವವನಾಗಲಿ ತಿನ್ನುವವನಾಗಲಿ ಒಬ್ಬ ಡಿನೈ ವಲಯದಲ್ಲಿದ್ದರೂ ವರ್ಲ್ಡ್‌ಗಾರ್ಡ್ ಏಟನ್ನು ತಡೆಯುತ್ತದೆ. ಹಾಗಾಗಿ ಪೇಟೆಯೊಳಗಿಂದ ಹೊರಗೆ ಬಾಣ ಬಿಡುವ ಭಯವಿಲ್ಲ. ಭಯ ಇರುವುದು ಅಂಚಿನ ಕುಣಿತದ್ದು: ಹೊರಗೆ ಬಂದು ಎರಡೇಟು ಹಾಕಿ, ತಿರುಗಿ ಏಟು ಬೀಳುವಷ್ಟರಲ್ಲಿ ಒಳಗೆ ಓಡುವುದು. ವಲಯದ ಗೆರೆ ಎಷ್ಟು ಚೆನ್ನಾಗಿ ಎಳೆದರೂ ಇದು ನಿಲ್ಲದು. ಇದಕ್ಕೆ ಮುಂದಿನ ಹಂತದ ಕಾಂಬ್ಯಾಟ್ ಟ್ಯಾಗ್ (ಹೊಡೆದಾಟದಲ್ಲಿದ್ದಾನೆ ಎಂಬ ಗುರುತು) ಬೇಕು.

ಗೆರೆಯನ್ನು ಕಣ್ಣಿಗೆ ಕಾಣುವ ಗುರುತಿನ ಮೇಲೆ ಎಳೆಯಿರಿ: ಚಿರೆಕಲ್ಲಿನ ಬಣ್ಣದ ಗೋಡೆ, ಹಳ್ಳ, ಬೇಲಿ. ಬಯಲಿನ ನಡುವೆ ಎಳೆದ ಕಾಣದ ಗೆರೆ ಮೋಸ ಎನ್ನಿಸುತ್ತದೆ, ಅದು ನಿಜವೂ ಹೌದು. ಪೇಟೆಯಿಂದ ಹೊರಬೀಳಲು ನಾಲ್ಕು ಬಾಗಿಲಿರಲಿ, ಒಂದೊಂದರ ನಡುವೆ 80 ಬ್ಲಾಕ್. ಹೊರಬಿದ್ದವನಿಗೆ 6 ಸೆಕೆಂಡು ಏಟು ತಾಗದ ರಕ್ಷಣೆ, ಅವನೇ ಮೊದಲು ಹೊಡೆದರೆ ಅದು ತಕ್ಷಣ ರದ್ದು. ಬಾಗಿಲಲ್ಲಿ ಕಾದು ಕೊಲ್ಲುವವರ ಲಾಭ ಇದರಿಂದ ಬಹುಪಾಲು ಹೋಗುತ್ತದೆ.

ಹಂತ 6: ಹೊಡೆದಾಟದ ನಿಯಮಗಳು

ಕಾಂಬ್ಯಾಟ್‌ಲಾಗ್‌ಎಕ್ಸ್ ಅಥವಾ ಪಿವಿಪಿಮ್ಯಾನೇಜರ್ ಪ್ಲಗಿನ್ ಹಾಕಿ. ಏಟು ಕೊಟ್ಟವನಿಗೂ ತಿಂದವನಿಗೂ 15 ಸೆಕೆಂಡಿನ ಟ್ಯಾಗ್ ಬೀಳಲಿ. ಆ ಹೊತ್ತಿನಲ್ಲಿ ಟೆಲಿಪೋರ್ಟ್ ಇಲ್ಲ, ಪೇಟೆಗೆ ಪ್ರವೇಶವಿಲ್ಲ, ಲಾಗ್‌ಔಟ್ ಆದರೆ ಸತ್ತ ಲೆಕ್ಕ. 30 ಸೆಕೆಂಡು ಇಟ್ಟವರೂ ಇದ್ದಾರೆ. ಅದು ಹೆಚ್ಚಾಯಿತು: ಒಬ್ಬ ದುಷ್ಟ ದೂರದಿಂದ ಒಂದೊಂದು ಬಾಣ ಬಿಡುತ್ತ ಇನ್ನೊಬ್ಬನನ್ನು ಗಂಟೆಗಟ್ಟಲೆ ಮನೆಗೆ ಹೋಗದಂತೆ ಹಿಡಿದಿಡಬಹುದು.

ಈಗ ನಮ್ಮ ಕಡೆಯ ವಿಶೇಷ ಸಮಸ್ಯೆ. ಜುಲೈ ತಿಂಗಳಲ್ಲಿ ಯಲ್ಲಾಪುರದ ಹುಡುಗನ ಮನೆಯಲ್ಲಿ ಕರೆಂಟ್ ಹೋಯಿತು, ಅವನು ಟ್ಯಾಗ್‌ನಲ್ಲಿದ್ದ. ಅವನನ್ನು ಕೊಲ್ಲುವುದು ನ್ಯಾಯವೇ? ಬಿಟ್ಟರೆ, ಸೋಲುವಾಗಲೆಲ್ಲ ವೈಫೈ ಆಫ್ ಮಾಡುವವರು ಶುರುವಾಗುತ್ತಾರೆ. ಉತ್ತರ ಪೇಪರ್‌ನೊಳಗೇ ಇದೆ. ಆಟಗಾರ ಹೊರಗೆ ಹೋದಾಗ ಪೇಪರ್ ಕಾರಣವನ್ನೂ ತಿಳಿಸುತ್ತದೆ. ತಾನೇ ಮೆನು ಒತ್ತಿ ಹೋದರೆ, ಆಟ ಮುಚ್ಚಿದರೆ ‘ಡಿಸ್‌ಕನೆಕ್ಟೆಡ್’. ಸಂಪರ್ಕ ಸದ್ದಿಲ್ಲದೆ ಸತ್ತರೆ ‘ಟೈಮ್ಡ್ ಔಟ್’. ಎರಡನೆಯದರಲ್ಲಿ ಸರ್ವರ್‌ಗೆ ವಿಷಯ ತಿಳಿಯಲು ಸುಮಾರು 30 ಸೆಕೆಂಡು ಬೇಕು, ಅಲ್ಲಿಯವರೆಗೆ ಅವನ ದೇಹ ಅಲ್ಲೇ ನಿಂತಿರುತ್ತದೆ, ಎದುರಾಳಿ ಹೊಡೆಯುತ್ತಲೇ ಇರಬಹುದು. ಆದ್ದರಿಂದ ಮೊದಲನೆಯದಕ್ಕೆ ಮಾತ್ರ ಶಿಕ್ಷೆ ಇಡಿ, ಎರಡನೆಯದಕ್ಕೆ ಬೇಡ. ವೈಫೈ ಕಿತ್ತವನಿಗೆ ಲಾಭವಿಲ್ಲ, ಅರ್ಧ ನಿಮಿಷ ಕಂಬದಂತೆ ನಿಂತು ಏಟು ತಿನ್ನುತ್ತಾನೆ. ನಿಜವಾಗಿ ಕರೆಂಟ್ ಹೋದವನು ಬದುಕಿ ಉಳಿದರೆ ಉಳಿದ, ಮೇಲಿಂದ ದಂಡವಿಲ್ಲ. ಪ್ಲಗಿನ್‌ನಲ್ಲಿ ಈ ಭೇದ ಇಲ್ಲದಿದ್ದರೆ ಕಾರಣ ಓದಿ ನಿರ್ಧರಿಸುವ ಸಣ್ಣದೊಂದು ಪ್ಲಗಿನ್ ಬರೆಸಿ. ಜಾವಾ ಬಲ್ಲವರಿಗೆ ಒಂದು ಸಂಜೆಯ ಕೆಲಸ. ಆಟಗಾರರಿಗೂ ಹೇಳಿ: ರೂಟರ್ ಮತ್ತು ಫೈಬರ್ ಪೆಟ್ಟಿಗೆಗಳ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿ ಅದಕ್ಕೆ ಹೊಂದುವ ಮಿನಿ ಯುಪಿಎಸ್ ಕೊಂಡರೆ ಮೊಬೈಲಿನಲ್ಲಿ ಆಡುವವರಿಗೆ ಕರೆಂಟ್ ಹೋದದ್ದೇ ಗೊತ್ತಾಗದು.

ಇನ್ನು ಪಿಂಗ್. ಓಡುವ ಆಟಗಾರ ಸೆಕೆಂಡಿಗೆ 5.6 ಬ್ಲಾಕ್ ಸಾಗುತ್ತಾನೆ. 40 ಮಿಲಿಸೆಕೆಂಡು ತಡವಾದರೆ ನೀವು ನೋಡುವ ಜಾಗಕ್ಕೂ ಅವನಿರುವ ಜಾಗಕ್ಕೂ ಕಾಲು ಬ್ಲಾಕಿನಷ್ಟೂ ಅಂತರವಿಲ್ಲ. 150 ಆದರೆ 0.84 ಬ್ಲಾಕ್. ಕತ್ತಿಯ ಚಾಚು 3 ಬ್ಲಾಕ್ ಎಂಬುದನ್ನು ನೆನಪಿಡಿ. ಏಟು ತಾಗಿತೇ ಎಂದು ಮೊದಲು ನಿರ್ಧರಿಸುವುದು ಹೊಡೆದವನ ಪರದೆ, ಸರ್ವರ್ ದೂರವನ್ನು ಸಡಿಲವಾಗಿ ಪರಿಶೀಲಿಸುತ್ತದೆ ಅಷ್ಟೆ. ಹಾಗಾಗಿ «ನಾನು ಓಡಿಹೋಗಿದ್ದೆ, ಆದರೂ ಹೊಡೆದ» ಎನ್ನುವವನೂ «ನನ್ನೆದುರೇ ಇದ್ದ» ಎನ್ನುವವನೂ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಇಂಥ ದೂರಿಗೆ ಯಾರನ್ನೂ ಬ್ಯಾನ್ ಮಾಡಬೇಡಿ. ಪಂದ್ಯಗಳಲ್ಲಿ ಮಾತ್ರ 120ಕ್ಕಿಂತ ಹೆಚ್ಚು ಪಿಂಗ್ ಇರುವವರನ್ನು ಬೇರೆ ಸರದಿಗೆ ಹಾಕಿ.

ಮೊಬೈಲಿನವರ ವಿಷಯ ಇನ್ನೂ ಸೂಕ್ಷ್ಮ. ಗೈಸರ್ ಪ್ಲಗಿನ್ ಇದ್ದರೆ ಫೋನಿನ ಬೆಡ್‌ರಾಕ್ ಆವೃತ್ತಿಯವರೂ ಜಾವಾ ಸರ್ವರ್‌ಗೆ ಬರಬಹುದು (ಯುಡಿಪಿ ಪೋರ್ಟ್ 19132 ತೆರೆದಿಡಿ), ನಮ್ಮ ಕಡೆ ಹೆಚ್ಚಿನ ಹುಡುಗರು ಆಡುವುದೂ ಫೋನಿನಲ್ಲೇ. ಬೆಡ್‌ರಾಕ್‌ನಲ್ಲಿ ಕತ್ತಿಗೆ ಕೂಲ್‌ಡೌನ್ (ಒಂದು ಏಟಿನ ಬಳಿಕ ಮತ್ತೆ ಬಲ ತುಂಬುವ ಬಿಡುವು) ಇಲ್ಲ, ಜಾವಾದಲ್ಲಿ 2016ರ 1.9 ಆವೃತ್ತಿಯಿಂದ ಇದೆ. ಕತ್ತಿ ಪೂರ್ತಿ ಬಲ ತುಂಬಿಕೊಳ್ಳಲು 0.625 ಸೆಕೆಂಡು. ಸೆಕೆಂಡಿಗೆ ಐದು ಬಾರಿ ಕುಟ್ಟಿದರೆ ಒಂದೊಂದು ಏಟಿಗೆ ಸುಮಾರು ಶೇ. 30 ಬಲ, ವಜ್ರದ ಕತ್ತಿಯ 7 ಹಾನಿ 2ಕ್ಕೆ ಇಳಿಯಿತು. ಅದರ ಮೇಲೆ, ಏಟು ತಿಂದವನಿಗೆ ಅರ್ಧ ಸೆಕೆಂಡು ರಕ್ಷಣೆ ಇರುವುದರಿಂದ ನಡುವಿನ ಏಟುಗಳು ಗಾಳಿಗೆ ಹೋಗುತ್ತವೆ. ಫೋನಿನವ ಹತ್ತು ಸಲ ಕುಟ್ಟಿ ಸೋಲುತ್ತಾನೆ, ಎದುರಾಳಿ ಹ್ಯಾಕ್ ಮಾಡಿದ ಎಂದು ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಸ್ಪಾನ್‌ನಲ್ಲೇ ಒಂದು ಫಲಕ ನಿಲ್ಲಿಸಿ: ಕುಟ್ಟಬೇಡಿ, ಎಣಿಸಿ ಹೊಡೆಯಿರಿ. ಗೈಸರ್‌ನಲ್ಲಿ ಕೂಲ್‌ಡೌನ್ ತೋರಿಸುವ ಸೆಟ್ಟಿಂಗ್ ಆನ್ ಇರಲಿ. ಫೋನಿನವರಿಗೆ ವಜ್ರದ ಕೊಡಲಿ ಹೆಚ್ಚು ಒಗ್ಗುತ್ತದೆ: ಸೆಕೆಂಡಿಗೆ ಒಂದೇ ಏಟು, ಆದರೆ 9 ಹಾನಿ. ಕೂಲ್‌ಡೌನ್ ತೆಗೆದುಹಾಕುವ ಪ್ಲಗಿನ್‌ಗಳೂ ಇವೆ. ನಾವು ಬೇಡ ಎನ್ನುತ್ತೇವೆ, ಏಕೆಂದರೆ ಪಿಂಗ್‌ನ ಸಣ್ಣಪುಟ್ಟ ಏರುಪೇರನ್ನು ನುಂಗುವುದೇ ಆ 0.625 ಸೆಕೆಂಡು.

ಹಂತ 7: ದೊಡ್ಡ ಕಾಳಗದ ದಿನ

ಹಿಂದಿನ ದಿನ ಚಂಕಿ ಪ್ಲಗಿನ್‌ನಿಂದ ಅರೀನಾ ಸುತ್ತಲಿನ ಚಂಕ್‌ಗಳನ್ನು ಮೊದಲೇ ಹುಟ್ಟಿಸಿಡಿ, ಜಗತ್ತಿಗೆ ಗಡಿ ಹಾಕಿ. ಪೂರ್ತಿ ಬ್ಯಾಕಪ್ ತೆಗೆದು ಬೇರೆ ಯಂತ್ರಕ್ಕೆ ನಕಲಿಸಿ. ಅರ್ಧ ಗಂಟೆ ಮುಂಚೆ ಸರ್ವರ್ ರೀಸ್ಟಾರ್ಟ್, ಆಮೇಲೆ ಯಾವ ಪ್ಲಗಿನ್ನನ್ನೂ ಮುಟ್ಟಬೇಡಿ.

ಹತ್ತು-ಹತ್ತು ಜನರ ಕಾಳಗಕ್ಕೆ ಅಂಗಳ 120 × 120 ಬ್ಲಾಕ್ ಇರಲಿ. ಒಳಗೆ ಕೀಪ್‌ಇನ್ವೆಂಟರಿ (ಸತ್ತರೂ ಸಾಮಾನು ಉಳಿಯುವ ಸೆಟ್ಟಿಂಗ್), ಎಲ್ಲರಿಗೂ ಒಂದೇ ಕಿಟ್. ನೆಲಕ್ಕೆ ಏನೂ ಬೀಳುವುದಿಲ್ಲ, 820 ಎಂಟಿಟಿಗಳ ತೊಂದರೆ ಮಾಯ. ಪ್ರೇಕ್ಷಕರನ್ನು ಅಂಗಳದ ಸುತ್ತ ನಿಲ್ಲಿಸಬೇಡಿ. ಆಡುವ ಇಪ್ಪತ್ತು ಜನರ 380 ಸುದ್ದಿ, ನೋಡುವ ಮೂವತ್ತು ಜನ ಸೇರಿದರೆ ಮತ್ತೆ ಅದೇ 2450. ಸ್ಪೆಕ್ಟೇಟರ್ ಮೋಡ್‌ನ (ಆಡದೆ ನೋಡುವಷ್ಟೇ ವಿಧಾನ) ಒಂದೇ ಖಾತೆಯಿಂದ ಯೂಟ್ಯೂಬ್‌ಗೆ ನೇರ ಪ್ರಸಾರ ಮಾಡಿ, ಉಳಿದವರು ಅಲ್ಲಿ ನೋಡಲಿ. ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವ ಬಾಯಿ ಇದ್ದವನೊಬ್ಬ ಸಿಕ್ಕರೆ ಜನ ಸರ್ವರ್ ಬಿಟ್ಟು ತಾವಾಗಿಯೇ ಅಲ್ಲಿಗೆ ಹೋಗುತ್ತಾರೆ.

ಒಬ್ಬರು ಆಡದೆ ಎಂಎಸ್‌ಪಿಟಿ ನೋಡುತ್ತ ಕೂರಬೇಕು. 35 ದಾಟಿದರೆ ಎಚ್ಚರ, ಫಾರ್ಮ್‌ಗಳನ್ನು ನಿಲ್ಲಿಸಿ. 45ಕ್ಕೆ ಹೊಸಬರ ಪ್ರವೇಶ ಬಂದ್. 50 ದಾಟಿ ಹತ್ತು ಸೆಕೆಂಡು ನಿಂತರೆ ಪಂದ್ಯ ನಿಲ್ಲಿಸಿ, ಆ ಸುತ್ತನ್ನು ಮತ್ತೆ ಆಡಿಸಿ. ಯಾರು ಗೆಲ್ಲುತ್ತಿದ್ದರು ಎಂಬ ಚರ್ಚೆಗೆ ಎಡೆ ಕೊಡಬೇಡಿ; ಈ ನಿಯಮವನ್ನು ಪಂದ್ಯದ ಮೊದಲೇ ಪ್ರಕಟಿಸಿ.

ಮಳೆಗೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಬೆಳಿಗ್ಗೆ ಹತ್ತಕ್ಕೇ ಸರ್ವರ್ ತುಂಬುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಅಂದು ಪಂದ್ಯ ಇಡಬೇಡಿ, ಕರೆಂಟೂ ಹೋಗುವ ದಿನ ಅದೇ.

ಪ್ರವೇಶ ಶುಲ್ಕ ಕೂಡಿಸಿ ಗೆದ್ದವನಿಗೆ ಹಂಚುವ ಯೋಚನೆ ಬಿಟ್ಟುಬಿಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ದುಡ್ಡು ಕೊಟ್ಟವರಿಗೆ ಬಲವಾದ ಕತ್ತಿ ಮಾರುವುದು ಮೈನ್‌ಕ್ರಾಫ್ಟ್‌ನ ಸ್ವಂತ ಷರತ್ತುಗಳಿಗೂ ವಿರುದ್ಧ.

ಹಂತ 8: ಬೈಗುಳ ಮತ್ತು ದೂರು

ಸೋತವನ ಸಿಟ್ಟು ಚಾಟ್‌ಗೆ ಬರುತ್ತದೆ. ಸಿದ್ಧ ಫಿಲ್ಟರ್‌ಗಳು ಇಂಗ್ಲಿಷ್ ಬೈಗುಳವನ್ನಷ್ಟೇ ಹಿಡಿಯುತ್ತವೆ. ಕನ್ನಡ, ಕೊಂಕಣಿ ಬೈಗುಳಗಳ ಪಟ್ಟಿಯನ್ನು ನೀವೇ ಮಾಡಬೇಕು, ಪ್ರತಿ ಪದವನ್ನೂ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರಗಳ ಎರಡು ಮೂರು ಕಾಗುಣಿತದಲ್ಲೊಮ್ಮೆ. ಕೊಂಕಣಿ ಪಟ್ಟಿಗೆ ಕಾರವಾರದವನನ್ನೇ ಕೂರಿಸಿ. ಶಿರಸಿಯವರಿಗೆ ಅರ್ಧ ಬೈಗುಳ ಬೈಗುಳವೆಂದೇ ತಿಳಿಯದು. ಜಾತಿ ಹಿಡಿದು ಬೈದರೆ ಮೊದಲ ಬಾರಿಗೇ ಹೊರಗೆ. ಉಳಿದವಕ್ಕೆ ಹತ್ತು ನಿಮಿಷ ಮ್ಯೂಟ್, ಮರುಕಳಿಸಿದರೆ ಒಂದು ದಿನ.

ದೂರು ಕೊಡುವವನಿಂದ ಮೂರು ವಿಷಯ ಕೇಳಿ: ಗಂಟೆ-ನಿಮಿಷ, ಜಾಗದ ಅಂಕಿಗಳು (ಜಾವಾದವರು ಎಫ್3 ಒತ್ತಿದರೆ ಕಾಣುತ್ತವೆ), ವಿಡಿಯೊ ಇದ್ದರೆ ವಿಡಿಯೊ. ಅದನ್ನು ಆ ನಿಮಿಷದ ಎಂಎಸ್‌ಪಿಟಿ ಮತ್ತು ಇಬ್ಬರ ಪಿಂಗ್ ಜೊತೆ ಇಟ್ಟು ನೋಡಿ. ಎಂಎಸ್‌ಪಿಟಿ 50ರ ಮೇಲಿದ್ದರೆ ವಸ್ತು ಹಿಂದಿರುಗಿಸಿ, ಯಾರಿಗೂ ಶಿಕ್ಷೆ ಬೇಡ. 30ರ ಒಳಗಿದ್ದು, ಇಬ್ಬರ ಪಿಂಗೂ ಸರಿಯಿದ್ದು, ನಾಲ್ಕೈದು ಬ್ಲಾಕ್ ದೂರದಿಂದ ಏಟು ಬೀಳುತ್ತಲೇ ಇದ್ದರೆ ಆಗ ಮೋಸದ ಶಂಕೆ ಸಹಜ. ಒಂದೇ ವಿಡಿಯೊ ನಂಬಿ ಬ್ಯಾನ್ ಮಾಡದೆ ಒಬ್ಬ ಮಾಡರೇಟರ್ ಸ್ಪೆಕ್ಟೇಟರ್ ಆಗಿ ಅವನ ಹಿಂದೆ ಎರಡು ಪಂದ್ಯ ತಿರುಗಲಿ. ಈ ಹೋಲಿಕೆ ಸಾಧ್ಯವಾಗಬೇಕಾದರೆ ಎಂಎಸ್‌ಪಿಟಿಯನ್ನು ನಿಮಿಷಕ್ಕೊಮ್ಮೆ ಕಡತಕ್ಕೆ ಬರೆದಿಡುವ ವ್ಯವಸ್ಥೆ ಇವತ್ತೇ ಮಾಡಿ, ಹದಿನೈದು ದಿನದ ದಾಖಲೆ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತ ಹೋಗಿ.